ಜೀನಿಲ್ಲದ ಜಿಗಿತ

ನನ್ನ ಅಕ್ಕ ಮೂವತ್ತು ವರ್ಷ ಕುದುರೆ ಸವಾರಿ ಕಲಿಸಿದವಳು. ಮಕ್ಕಳು ಅವಳಿಗೆ ‘ಪಟ್ಟಿ ಟೀಚರ್’ ಎಂದು ಹೆಸರಿಟ್ಟಿದ್ದರು. ಜೀನು ಹಾಕದೆ ಬರಿಬೆನ್ನಿನ ಮೇಲೆ ಕೂತು ಅಡ್ಡಮರ ಹಾರುವವರು ಕುದುರೆಯ ಕೊರಳಿಗೆ ತೊಗಲಿನ ಪಟ್ಟಿ ಕಟ್ಟಲೇಬೇಕು, ಹಾರುವಾಗ ಅದನ್ನೇ ಹಿಡಿಯಬೇಕು. ಇಲ್ಲದಿದ್ದರೆ ಗ್ರಹಚಾರ ಬಿಡಿಸುತ್ತಿದ್ದಳು.

“ಕಾಲೂರೋಕೆ ಏನಿದೆ ಅಲ್ಲಿ, ನಿಮ್ಮಪ್ಪನ ಹೆಗಲಾ? ಲಗಾಮು ಜಗ್ಗಿದ್ರೆ ಅದರ ಬಾಯಿ ಹರಿಯುತ್ತೆ. ಪಟ್ಟಿ ಹಿಡಿ!”

ನನ್ನ ಒಬ್ಬಳೇ ಮಗಳು ಕಲಿತದ್ದೂ ಅವಳ ಹತ್ತಿರವೇ. ಒಂಬತ್ತನೇ ವಯಸ್ಸಿಗೇ ಲಾಯ ಸೇರಿದವಳಿಗೆ ನನಗಿಂತ ದೊಡ್ಡಮ್ಮನೇ ಹೆಚ್ಚು. ಬೂಟು ತುಂಬ ಮರಳು ತಂದು ಮನೆಯೆಲ್ಲ ಚೆಲ್ಲುತ್ತಿದ್ದಳು, ನಾನು ಬೈದುಕೊಂಡೇ ಗುಡಿಸುತ್ತಿದ್ದೆ.

ಹದಿನೇಳರಲ್ಲಿ ಬಿದ್ದಳು. ಹಾರಿದ ಕುದುರೆ ನೆಲಕ್ಕಿಳಿಯುವಾಗ ಮುಗ್ಗರಿಸಿತು. ಇವಳು ಕೊರಳ ಮೇಲಿಂದ ಜಾರಿ ಗೊರಸಿನಡಿಗೆ ಸಿಕ್ಕಳು. ಪಟ್ಟಿ ಇರಲಿಲ್ಲ.

“ನಾನೇ ಬಿಚ್ಚಿದೆ ಅಮ್ಮ. ದೊಡ್ಡಮ್ಮ ಬಿಚ್ಚಬೇಡ ಅಂದ್ರೂ ಕೇಳಲಿಲ್ಲ,” ಎಂದಳು ಆಸ್ಪತ್ರೆಯಲ್ಲಿ.

ನನಗೋ ಮೂಗಿನ ತುದಿಯಲ್ಲೇ ಕೋಪ. “ನಿನ್ನ ಕೊಬ್ಬಿಗೆ ತಕ್ಕ ಶಾಸ್ತಿ ಆಯ್ತು, ಅನುಭವಿಸು!” ಎಂದುಬಿಟ್ಟೆ. ಅವಳು ಮುಖ ಗೋಡೆಯ ಕಡೆ ತಿರುಗಿಸಿದಳು. ಆಪರೇಷನ್ ಕೋಣೆಗೆ ಹೋದವಳು ಮತ್ತೆ ಕಣ್ಣು ಬಿಡಲಿಲ್ಲ.

ಅಕ್ಕ ಅಂದಿನಿಂದ ಲಾಯದ ಕಡೆ ತಲೆ ಹಾಕಲಿಲ್ಲ. ಊಟ ಬಿಟ್ಟು ಕಡ್ಡಿಯಾದಳು. ಮಗಳಂತೂ ಹೋದಳು, ಒಡಹುಟ್ಟಿದವಳನ್ನಾದರೂ ಉಳಿಸಿಕೊಳ್ಳಬೇಕೆಂದು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಎರಡು ವರ್ಷ ದಿನಾ ಅದೇ ಸಮಾಧಾನ ಹೇಳಿದೆ: “ನೀನೇನ್ ಮಾಡ್ತೀಯಾ ಅಕ್ಕ? ಹೇಳಿದ ಮಾತು ಕೇಳದೆ ಹೋದಳು. ನಿನ್ನ ತಪ್ಪೇನಿದೆ?”

ಮೊನ್ನೆ ಬೆಳಿಗ್ಗೆ ಅಡಿಗೆಮನೆಯಲ್ಲಿ ಬಟಾಣಿ ಬಿಡಿಸುತ್ತಾ ಅದನ್ನೇ ಹೇಳಿದೆ. ಅವಳ ಕೈ ನಿಂತಿತು.

“ಸಾಕು ಮಾಡೇ. ಪಟ್ಟಿ ಬಿಚ್ಚಿದ್ದು ನಾನು.”

“ಏನಂದೆ?”

“ಅವತ್ತು ಸವಾರಿ ನೋಡೋಕೆ ಬಂದವರೊಬ್ರು, ‘ಇನ್ನೂ ಪಟ್ಟಿ ಹಿಡ್ಕೊಂಡೇ ಹಾರ್ತಾಳಾ?’ ಅಂತ ನಕ್ರು. ನಂಗೆ ಚುಚ್ಚಿತು ಕಣೆ. ‘ಒಂದ್ಸಲ ಬಿಟ್ಟು ತೋರ್ಸು’ ಅಂದೆ. ‘ಬೇಡ ದೊಡ್ಡಮ್ಮ, ಭಯ’ ಅಂದ್ಲು. ನಾನೇ ಕೈಯಾರೆ ಬಿಚ್ಚಿದೆ. ಆಮೇಲೆ ಆಂಬುಲೆನ್ಸಲ್ಲಿ ನನ್ನ ಕೈ ಹಿಡ್ಕೊಂಡು, ‘ಅಮ್ಮನಿಗೆ ಹೇಳ್ಬೇಡ, ನಿನ್ನ ಮುಖ ನೋಡಲ್ಲ ಅವಳು’ ಅಂದ್ಲು.”

ಬಟ್ಟಲು ಜಾರಿ ಬಟಾಣಿಯೆಲ್ಲ ನೆಲದ ಪಾಲಾಯಿತು. “ಬಾಯಿಗೆ ಬಂದ ಹಾಗೆ ಬೈಯೇ, ಮನೆಯಿಂದ ಆಚೆ ಹಾಕೇ,” ಎಂದು ಅಕ್ಕ ಗೋಗರೆದಳು.

ಬೈಯಬೇಕೆಂದೇ ಎದ್ದೆ. ದೇವರೇ, ಬಾಯಿ ತೆರೆದರೆ ನನಗೆ ಕೇಳಿಸಿದ್ದು ಆಸ್ಪತ್ರೆಯಲ್ಲಿ ಆಡಿದ ನನ್ನ ಮಾತೇ. ಒಂದೇ ಒಂದು ಸಲ ‘ನಾನಲ್ಲ ಅಮ್ಮ’ ಎಂದಿದ್ದರೆ ಅವಳನ್ನು ಎದೆಗವಚಿಕೊಳ್ಳುತ್ತಿದ್ದೆ. ಅನ್ನಲಿಲ್ಲ ನನ್ನ ಕೂಸು. ಬೈಸಿಕೊಂಡೇ ಹೋಯಿತು.