ಗುದ್ದೋ ಮೀನು

ಕುದಾಪುರದ ಕ್ವಾರ್ಟರ್ಸಿನ ಒಂದು ಮನೆಯಲ್ಲಿ ಹವಳದ ಅಕ್ವೇರಿಯಂ ಇತ್ತು. ಅದರೊಳಗಿನ ಬೆರಳುದ್ದದ ನೀಲಿ ಮೀನೊಂದು, ಹೊಸದಾಗಿ ಬಿಟ್ಟ ಮೀನುಗಳ ರೆಕ್ಕೆ ಹರಿದು ಹಾಕ್ತಿತ್ತು. ಎರಡು ಸತ್ತೂ ಹೋಗಿದ್ದವು. ಮನೆಯವರು ಕರೆಸಿದ್ದಕ್ಕೆ ನೋಡೋಕೆ ಹೋದ ನಾನು, "ಇದನ್ನ ಯಾರಿಗಾದ್ರೂ ಕೊಟ್ಟುಬಿಡಿ" ಅಂದೆ.

ಕುರಿ ಕಾಯ್ತಾ ಬೆಳೆದ ಮನೆಗೆಲಸದ ತಿಪ್ಪಕ್ಕ, ಕಸಬರಿಗೆ ಹಿಡಿದೇ ನಕ್ಕಳು. "ಗುದ್ದುತೈತೆ ಅಂತ ಟಗರನ್ನ ಕೊಟ್ಟುಬಿಡ್ತಾರೇನ್ರಿ? ನಾಕು ದಿನ ಬ್ಯಾರೆ ಕಟ್ರಿ. ಅಷ್ಟ್ರಾಗೆ ಕುರಿ ಕೂಡೋ ರೊಪ್ಪಾನೇ ಬದ್ಲಾಯ್ಸ್ರಿ. ವಾಪಸ್ ಬಂದಾಗ ಟಗರೇ ಅಲ್ಲಿಗೆ ಹೊಸದು!"

ನಂಬಿಕೆ ಇಲ್ಲದೆಯೇ ಮೀನನ್ನ ನಾಲ್ಕು ದಿನ ಬೇರೆ ಇಟ್ಟು, ತೊಟ್ಟಿಯ ಕಲ್ಲುಗಳನ್ನ ಆಚೀಚೆ ಮಾಡಿ, ವಾಪಸ್ ಬಿಟ್ಟೆ. ಮೂಲೆ ಹಿಡಿದ ರೌಡಿ, ಉಳಿದವಕ್ಕೆ ದಾರಿ ಬಿಡ್ತಿತ್ತು!

"ಅದ್ಸರಿ, ನೀವೇನ್ ಕೆಲಸ ಮಾಡ್ತೀರಿ?" ಅಂದಳು ತಿಪ್ಪಕ್ಕ.

'ಅಕ್ವೇರಿಯಂ ತಜ್ಞ' ಅಂತ ಅಚ್ಚು ಹಾಕಿಸಿದ್ದ ಕಾರ್ಡನ್ನ ಜೇಬಿನಲ್ಲೇ ಬಿಟ್ಟು, "ಗಾಜು ಒರೆಸ್ತೀನಿ ಅಕ್ಕಾ" ಅಂದೆ.