ದೋಣಿ ಹತ್ತದ ಗುತ್ತೆವ್ವ

ತಿಳವಳ್ಳಿಯ ಗುತ್ತೆವ್ವ ಸಮುದ್ರ ಕಂಡದ್ದು ಕುಮಟೆಯಲ್ಲಿ, ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ. ಕೂಲಿ ಮಾಡಿ ಮನೆ ನಡೆಸುತ್ತಿದ್ದ ಅವ್ವ ಉಡಚವ್ವ ಹಾಸಿಗೆ ಹಿಡಿದಿದ್ದಳು. ಕರಾವಳಿಯ ಉಪ್ಪಿನ ಆಗರದಲ್ಲಿ ಕೈತುಂಬ ಕೆಲಸವಿದೆ ಎಂದ ದಲಾಲಿಯೊಬ್ಬನ ಮಾತು ನಂಬಿ ಗುತ್ತೆವ್ವ ಓರಗೆಯ ಚೌಡವ್ವನ ಜೊತೆ ಘಟ್ಟ ಇಳಿದಳು.

ಅವನು ಇಬ್ಬರನ್ನೂ ನೇರ ಬಂದರಿಗೆ ತಂದ. ದೂರದಲ್ಲಿ ಹೊಗೆಹಡಗು ನಿಂತಿತ್ತು. ಜನರನ್ನು ದೋಣಿಗಳಲ್ಲಿ ಅಲ್ಲಿಗೆ ಸಾಗಿಸುತ್ತಿದ್ದರು.

“ಹಡಗ ಎಲ್ಲಿಗ್ರಿ?” ಎಂದು ಗುತ್ತೆವ್ವ ದೋಣಿಯವನನ್ನು ಕೇಳಿದಳು.

“ಬೊಂಬಾಯಿಗೆ.”

ಗುತ್ತೆವ್ವ ಚೌಡವ್ವನನ್ನು ಎಳೆದುಕೊಂಡು ಮರಳಿನ ಮೇಲೆ ಕುಳಿತುಬಿಟ್ಟಳು. ದಲಾಲಿ ಸುತ್ತಲಿನವರತ್ತ ನಕ್ಕು, “ನನ್ನ ತಂಗಿ. ತಲಿ ಕೆಟ್ಟೈತಿ,” ಎಂದ.

“ನಾ ನಿನ್ನ ತಂಗಿ ಆದ್ರ ನಮ್ಮವ್ವನ ಹೆಸರ ಹೇಳು.”

 ಜನ ಸೇರುತ್ತಿದ್ದಂತೆ ದಲಾಲಿ ಮೆಲ್ಲಗೆ ಜಾರಿಕೊಂಡ. ತೆಂಗಿನಕಾಯಿ ಒಯ್ಯಲು ಸವಣೂರಿನಿಂದ ಗಾಡಿ ಹೂಡಿಕೊಂಡು ಬಂದಿದ್ದ ಮಕ್ತುಮಸಾಬನಿಗೆ ತನ್ನ ಸೀಮೆಯ ಮಾತು ಕಿವಿಗೆ ಬಿತ್ತು. “ಗಾಡಿ ಹತ್ರೆವ್ವಾ,” ಎಂದು ಇಬ್ಬರನ್ನೂ ಊರು ಮುಟ್ಟಿಸಿದ. ಹೀಗೆ ಒಯ್ದ ಹುಡುಗಿಯರನ್ನು ಬೊಂಬಾಯಿಯಲ್ಲಿ ಮಾರುತ್ತಾರೆಂಬುದು ದಾರಿಯಲ್ಲಿ ಅವನಿಂದಲೇ ತಿಳಿಯಿತು.

ಊರಲ್ಲಿ ಗುಸುಗುಸು ಎದ್ದಿತು. ಉಡಚವ್ವ ಮಾತ್ರ, “ಬಂದಿಯಲ್ಲ, ಸಾಕು. ಉಣ್ಣಬಾ,” ಎಂದಳು. ನಡೆದದ್ದನ್ನು ಗುತ್ತೆವ್ವ ಹೊರಗೆ ಯಾರ ಮುಂದೆಯೂ ಬಾಯಿಬಿಡಲಿಲ್ಲ.

ಮರುವರ್ಷ ಅವಳು ಹಿರೇಕೆರೂರ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದಾಗ, ಅದೇ ದಲಾಲಿ ಅಬಲೂರಿನ ಹುಡುಗಿಯರನ್ನು ಮೋಟಾರು ಹತ್ತಿಸುತ್ತಿರುವುದು ಕಣ್ಣಿಗೆ ಬಿತ್ತು.  ಸುಮ್ಮನಿದ್ದರೆ ಅವಳ ಗುಟ್ಟು ಉಳಿಯುತ್ತಿತ್ತು. ಎದ್ದು ಹೋಗಿ ಮೋಟಾರಿನ ಬಾಗಿಲಿಗೆ ಅಡ್ಡ ನಿಂತಳು.

“ಇಳೀರಿ. ಹ್ವಾದ ವರ್ಷ ಇಂವ ನನ್ನೂ ಹಿಂಗ ಒಯ್ದಿದ್ದ, ಮಾರಾಕ,” ಎಂದಳು, ಇಡೀ ಸಂತೆಗೆ ಕೇಳುವಂತೆ.

ದಲಾಲಿ ಅವಳನ್ನು ತಳ್ಳಿದ. ಅಷ್ಟರಲ್ಲಿ ಸಂತೆಯ ಹೆಂಗಸರು ಅವನನ್ನು ಮುತ್ತಿದರು. ಬಳೆಗಾರ್ತಿ ಇಮಾಮಬಿ ಅವನ ರುಮಾಲು ಕಿತ್ತು ಅದರಿಂದಲೇ ಕೈ ಕಟ್ಟಿದಳು. ಫೌಜದಾರರು ಬಂದು ಅವನನ್ನು ಒಯ್ದರು.

ಕೋರ್ಟಿನಲ್ಲಿ ಅವನ ವಕೀಲ, “ಇದನ್ನ ಹೇಳಾಕ ನಾಚಿಕಿ ಆಗೂದಿಲ್ಲೇನು?” ಎಂದು ಕೇಳಿದ.

“ನಾಚಿಕಿ ಅಂವಗ ಆಗಬೇಕ್ರಿ. ನಾ ದುಡಿಯಾಕ ಹೋಗಿದ್ದೆ,” ಎಂದಳು ಗುತ್ತೆವ್ವ.

ದಲಾಲಿಗೆ ಜೈಲಾಯಿತು. ಅಬಲೂರಿನ ತಾಯಂದಿರು ಅವಳನ್ನು ಕರೆಸಿ, ಇಳಕಲ್ಲ ಸೀರೆ ಉಡಿಸಿ, ಉಡಿ ತುಂಬಿದರು. ಆ ಸೀರೆಯಲ್ಲೇ, ತುಂಬಿದ ಉಡಿ ಹಿಡಿದು, ನಡುಹಗಲಲ್ಲಿ ಗುತ್ತೆವ್ವ ತಿಳವಳ್ಳಿಯ ಪೇಟೆಬೀದಿಯ ನಟ್ಟನಡುವೆ ನಡೆದು ಮನೆಗೆ ಬಂದಳು.