ಒಲೆ ಮುಂದೆ ಕೂತು ನಡೆದದ್ದು

ನಮ್ಮ ಗೋಕಾಕದಲ್ಲಿ ಸುಮ್ಮನೆ ನಡೆಯುವ ಹೆಂಗಸನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಮೊದಲ ದಿನ ಬೆಳಿಗ್ಗೆ ಐದೂವರೆಗೆ ಫಾಲ್ಸ್ ರಸ್ತೆ ಹಿಡಿದು ಹೊರಟಾಗ ಮೂರು ಮಂದಿ ಬೈಕ್ ನಿಲ್ಲಿಸಿದರು. "ಎಲ್ಲಿಗಿ ಹೊಂಟೀರಿ ಅಕ್ಕಾರ? ಹತ್ರಿ, ಬಿಡತೇನಿ." ಎಲ್ಲಿಗೂ ಇಲ್ಲಪ್ಪ, ನಡೆಯಲಿಕ್ಕೇ ಬಂದಿದ್ದೇನೆ ಎಂದರೆ ನಂಬಲಿಲ್ಲ. ಒಬ್ಬಾತನಂತೂ ದನಿ ತಗ್ಗಿಸಿ, "ಮನ್ಯಾಗ ಏನರ ಜಗಳಾ ಆಗೇತೇನ್ರಿ?" ಎಂದು ಕೇಳಿದ. ಸಿಟ್ಟು ನೆತ್ತಿಗೇರಿತು. ಎಂಬತ್ತನಾಲ್ಕು ಕಿಲೋ ಮೈ ಹೊತ್ತು ನಡೆಯುವುದೇ ಒಂದು ಸಂಕಟ, ಅದರ ಮೇಲೆ ಈ ವಿಚಾರಣೆ ಬೇರೆ.

ನಾನು ನಡೆಯಬೇಕಾಗಿದ್ದದ್ದು ಚೆಂದ ಕಾಣಲಿಕ್ಕಲ್ಲ. ಹುಕ್ಕೇರಿಯಲ್ಲಿದ್ದ ನನ್ನ ತಮ್ಮನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್ ನಡೆದಿತ್ತು. ಅವನ ಹೆಂಡತಿಯ ಕಿಡ್ನಿ ಹೊಂದಲಿಲ್ಲ, ನನ್ನದು ಹೊಂದಿತು. ಬೆಳಗಾವಿಯ ಡಾಕ್ಟರು ನನ್ನ ಕಾಗದಗಳನ್ನೆಲ್ಲ ನೋಡಿ, ಆಮೇಲೆ ನನ್ನನ್ನೂ ಮೇಲಿನಿಂದ ಕೆಳಗಿನ ತನಕ ನೋಡಿ, "ಹನ್ನೆರಡು ಕಿಲೋ ಇಳಸ್ರಿ. ಸಕ್ಕರಿ ಗಡಿ ಮ್ಯಾಲ ನಿಂತೈತಿ, ಅದೂ ಇಳೀಬೇಕು. ನಾಲ್ಕು ತಿಂಗಳು ಬಿಟ್ಟು ಬರ್ರಿ, ಆಪರೇಶನ್ನಿಗೆ ದಿನಾ ಹಿಡಿಯೂಣು" ಎಂದರು. ಹೊರಗೆ ಬಂದ ಮೇಲೆ ತಮ್ಮ ನಕ್ಕುಬಿಟ್ಟ. "ನಾ ಬದಕಬೇಕಂದ್ರ ನೀ ಸಣ್ಣಾಗಬೇಕಂತ ನೋಡ ಅಕ್ಕಾ" ಎಂದ. ನಾನೂ ನಕ್ಕೆ.

ಮುಂದಿನ ವಾರ ಕೊರಿಯರ್‌ನಲ್ಲಿ ಒಂದು ವಾಚು ಬಂತು, ಅವನೇ ತರಿಸಿ ಕಳಿಸಿದ್ದ. ಹೆಜ್ಜೆ ಎಣಿಸುವ, ಎದೆಬಡಿತ ಎಣಿಸುವ, ನಿದ್ದೆಯನ್ನೂ ಬಿಡದೆ ಎಣಿಸುವ ಕಪ್ಪು ರಬ್ಬರ್ ಪಟ್ಟಿಯ ವಾಚು. ಅರಭಾವಿಯ ತೋಟಗಾರಿಕೆ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವ ನನ್ನ ಮಗಳು ಅದನ್ನು ನನ್ನ ಬಲಗೈಗೆ ಕಟ್ಟಿ, ನನ್ನ ಹೆಜ್ಜೆಗಳು ಅವಳ ಮಾವನ ಫೋನಿನಲ್ಲೂ ಕಾಣುವ ಹಾಗೆ ಮಾಡಿಕೊಟ್ಟಳು. ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಗುರಿ. ಮುಟ್ಟಿದರೆ ವಾಚು ಗುರ್ ಎಂದು ನಡುಗಿ ಪರದೆಯ ತುಂಬ ಪಟಾಕಿ ಹಾರಿಸುತ್ತದೆ ಎಂದಳು.

ತಮ್ಮನದು ಮೋಟರ್ ರಿವೈಂಡಿಂಗ್ ಕೆಲಸ. ಸುಟ್ಟ ಪಂಪ್‌ಸೆಟ್ಟುಗಳ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವವನು. ಸುತ್ತುಗಳನ್ನು ಬಾಯಲ್ಲೇ ಎಣಿಸುತ್ತಿದ್ದ. ಎಣಿಸುವಾಗ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮೇಲೆ ಅವನಿಗೆ ಎಣಿಸಲು ನನ್ನ ಹೆಜ್ಜೆಗಳು ಸಿಕ್ಕವು. ದಿನಾ ಸಂಜೆ ಏಳಕ್ಕೆ ಫೋನು. "ಮೂರ ಸಾವಿರದ ಇನ್ನೂರಾ ಹತ್ತ. ಪಾಸ್ ಮಾರ್ಕ್ಸೂ ಇಲ್ಲಲಾ ಅಕ್ಕಾ" ಎಂದು ಕಾಡುತ್ತಿದ್ದ.

ನಾನು ಹುಟ್ಟುತ್ತಲೇ ಹೀಗಿದ್ದವಳಲ್ಲ. ಕೌಜಲಗಿಯ ತವರಿನಲ್ಲಿ ಅವನನ್ನು ಟೊಂಕದ ಮೇಲೆ ಕೂರಿಸಿಕೊಂಡು, ತಲೆಯ ಮೇಲೆ ಬುತ್ತಿ ಇಟ್ಟುಕೊಂಡು ಹೊಲಕ್ಕೆ ಹೋಗಿ ಬರುತ್ತಿದ್ದೆ. ದಾರಿಯಲ್ಲಿ ಓಡು ಓಡು ಎಂದು ಅವನು ಹಟ ಮಾಡಿದರೆ ಓಡುತ್ತಲೂ ಇದ್ದೆ. ಆ ಮೈ ಎಲ್ಲಿ ಹೋಯಿತೋ ಗೊತ್ತಿಲ್ಲ. ಗೋಕಾಕಕ್ಕೆ ಸೊಸೆಯಾಗಿ ಬಂದು, ರೊಟ್ಟಿ ಬಡಿದು ಮಾರುತ್ತೇನೆಂದು ಒಲೆ ಮುಂದೆ ಕೂತವಳು ಇಪ್ಪತ್ತು ವರ್ಷ ಎದ್ದೇ ಇಲ್ಲ. ಬೆಳಿಗ್ಗೆ ಏಳಕ್ಕೆ ಕೂತರೆ ಮಧ್ಯಾಹ್ನದ ಹೊತ್ತಿಗೆ ನೂರೈವತ್ತು ಜೋಳದ ರೊಟ್ಟಿ, ಮೂಡಲಗಿ ಕಡೆಯ ಮದುವೆ ಇದ್ದರೆ ಇನ್ನೂ ಹೆಚ್ಚು. ಕೆಲಸವೆಲ್ಲ ಕೈಗೆ, ಉಳಿದ ಮೈ ಮಣೆಯ ಮೇಲೆ ಬೆಳೆಯುತ್ತ ಹೋಯಿತು.

ಹಿಟ್ಟು ಹತ್ತುತ್ತದೆಂದು ರೊಟ್ಟಿಗೆ ಕೂರುವ ಮೊದಲು ವಾಚು ಬಿಚ್ಚಿಡುತ್ತಿದ್ದೆ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಮೊಣಕಾಲು ಹಿಡಿದುಕೊಂಡು ಅರ್ಧ ದಾರಿಯಿಂದಲೇ ತಿರುಗಿ ಬಂದ ಸಿಟ್ಟಿನಲ್ಲಿ ಬಿಚ್ಚುವುದನ್ನು ಮರೆತೆ. ರೊಟ್ಟಿ ಮುಗಿಸಿ ಕೈ ತೊಳೆಯುವಾಗ ನೋಡುತ್ತೇನೆ, ಒಂಬತ್ತು ಸಾವಿರ ಚಿಲ್ಲರೆ ಹೆಜ್ಜೆ! ವಾಚು ಕೆಟ್ಟಿತು ಎಂದುಕೊಂಡೆ. ಆಮೇಲೆ ಉಳಿದಿದ್ದ ಹಿಟ್ಟಿನಲ್ಲಿ ಒಂದು ರೊಟ್ಟಿ ಬಡಿದು ನೋಡಿದೆ. ಒಂದು ರೊಟ್ಟಿಗೆ ಅರವತ್ತು ಹೆಜ್ಜೆ ಕೂಡಿತು. ಕೈ ಏಳುವುದು ಬೀಳುವುದು ಅದಕ್ಕೆ ನಡಿಗೆಯ ಹಾಗೆಯೇ ಕಂಡಿತ್ತು. ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಂಜೆ ತಮ್ಮನಿಗೆ ಹೇಳಿದರೆ ಅವನೂ ಬಿದ್ದು ಬಿದ್ದು ನಗುತ್ತಾನೆ ಎಂದುಕೊಂಡೆ.

ಸಂಜೆ ಫೋನು ಬಂತು. "ಅಕ್ಕಾ! ಒಂಬತ್ತ ಸಾವಿರದ ನಾಕನೂರಾ! ಏನ ತಿಂದ ಹೋಗಿದ್ದಿ ಇವತ್ತ?" ಆ ದನಿಯನ್ನು ನಾನು ಎಷ್ಟೋ ತಿಂಗಳಿಂದ ಕೇಳಿರಲಿಲ್ಲ. ಹಿಂದಿನಿಂದ ಅವನ ಹೆಂಡತಿ, "ಬೆಳಗಿಂದ ಫೋನ ಹಿಡಕೊಂಡ ಕುಂತಾರ್ರಿ ವೈನಿ, ಇವತ್ತ ಎರಡ ತುತ್ತ ಜಾಸ್ತಿ ಉಂಡಾರ" ಎಂದು ಕೂಗಿ ಹೇಳಿದಳು. ನಾನು ಬಾಯಿ ತೆರೆದೆ. ಬಂದ ಮಾತು ಬೇರೆಯೇ ಆಗಿತ್ತು. "ಫಾಲ್ಸ್ ತನಕಾ ಹೋಗಿದ್ನೋ" ಎಂದೆ.

ಅಲ್ಲಿಂದ ವಾಚು ಬಿಚ್ಚಲಿಲ್ಲ. ಮೊದಮೊದಲು ನಡೆದು ಬಂದು ರೊಟ್ಟಿಗೆ ಕೂರುತ್ತಿದ್ದೆ. ಆಮೇಲೆ ಅರ್ಧ ನಡೆದೆ. ಆಮೇಲೆ ನಾಳೆ ಹೋದರಾಯಿತು ಎನ್ನುತ್ತ, ಒಂದು ದಿನ ಚಪ್ಪಲಿ ಮೆಟ್ಟುವುದನ್ನೇ ಬಿಟ್ಟೆ. ಹೆಜ್ಜೆಗಳೇನೂ ನಿಲ್ಲಲಿಲ್ಲ. ಫೋನಿನಲ್ಲಿ ಹತ್ತು ಸಾವಿರ, ಹನ್ನೊಂದು ಸಾವಿರ. ತಮ್ಮ ಅದನ್ನು ಡಯಾಲಿಸಿಸ್ ಹಾಸಿಗೆಯ ಬಾಜೂಕಿನವರಿಗೆಲ್ಲ ತೋರಿಸುತ್ತಿದ್ದನಂತೆ. ಅವನ ಸಂತೋಷಕ್ಕಾಗಿ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಇನ್ನು ಖರೆ ಹೇಳಿಬಿಡುತ್ತೇನೆ, ಇಷ್ಟು ಬರೆದ ಮೇಲೆ ಅದನ್ನು ನುಂಗಿಕೊಂಡು ಪ್ರಯೋಜನವಿಲ್ಲ. ನನಗೆ ಹೆದರಿಕೆಯಾಗಿತ್ತು. ಮೇಜಿನ ಮೇಲೆ ಮಲಗಿಸುತ್ತಾರೆ, ಟೊಂಕದ ಹತ್ತಿರ ಕೊಯ್ಯುತ್ತಾರೆ, ಒಳಗಿನದೊಂದು ತೆಗೆಯುತ್ತಾರೆ. ಎಚ್ಚರವಾಗದಿದ್ದರೆ? ಮಗಳ ಮದುವೆ ಆಗಿಲ್ಲ. ಉಳಿದ ಒಂದೂ ಕೈಕೊಟ್ಟರೆ? ಇದನ್ನು ಗಂಡನಿಗೂ ಹೇಳಲಿಲ್ಲ. ಕೊಡುತ್ತೇನೆ ಎಂದು ಎಲ್ಲರ ಮುಂದೆ ಮೊದಲು ಹೇಳಿದವಳು ನಾನೇ. ಕೊಡುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ತೂಕ ಇಳಿಯದಿದ್ದರೆ ಡಾಕ್ಟರೇ ಬೇಡ ಎನ್ನುತ್ತಾರೆ, ಬೇಡ ಎಂದದ್ದು ನಾನಲ್ಲ ಎಂದಾಗುತ್ತದೆ. ಇಷ್ಟು ಸ್ಪಷ್ಟವಾಗಿ ಆಗ ಯೋಚಿಸಿದ್ದೆನೆಂದು ಹೇಳಲಾರೆ, ಆದರೆ ಮಣೆಯ ಮೇಲಿಂದ ನನ್ನನ್ನು ಏಳಗೊಡದೆ ಹಿಡಿದಿದ್ದದ್ದು ಮೊಣಕಾಲಿನ ನೋವಲ್ಲ.

ಮೂರನೆಯ ತಿಂಗಳಲ್ಲಿ ತಮ್ಮ ಹೇಳದೆ ಕೇಳದೆ ಹುಕ್ಕೇರಿಯಿಂದ ಬಸ್ಸು ಹತ್ತಿ ಬಂದ. ಹತ್ತೂವರೆಯ ಹೊತ್ತು. ಮೂಡಲಗಿಯ ಮದುವೆಯೊಂದಕ್ಕೆ ನಸುಕಿನಿಂದಲೇ ಬಡಿಯುತ್ತ ಕೂತಿದ್ದೆ. ಅವನ ಕಾಲು ಬಾತಿದ್ದವು, ಮುಖ ಕಪ್ಪಾಗಿತ್ತು, ಹಣೆಯ ವಿಭೂತಿ ಮಾತ್ರ ಎಂದಿನ ಹಾಗೆ ಅಚ್ಚುಕಟ್ಟಾಗಿತ್ತು. ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತು, "ಬಿಸೇ ರೊಟ್ಟಿ ಹಾಕ ಅಕ್ಕಾ. ಅರ್ಧಾ ಸಾಕು, ಡಾಕ್ಟರ ಬೈತಾರ" ಎಂದ. ಅರ್ಧ ಮುರಿದು ಕೊಟ್ಟು, ಆ ಮಾತು ಈ ಮಾತು ಆಡುತ್ತ ಮುಂದಿನ ರೊಟ್ಟಿ ಬಡಿಯತೊಡಗಿದೆ.

ಆಗ ಕೈಯಲ್ಲಿ ವಾಚು ಗುರ್ ಎಂದಿತು. ಹಿಟ್ಟು ಮೆತ್ತಿದ ಪರದೆಯ ಮೇಲೆ ಪಟಾಕಿ ಹಾರಿದವು. ಹತ್ತು ಸಾವಿರ ಹೆಜ್ಜೆ ಮುಗಿದಿದ್ದವು.

ಅವನು ವಾಚು ನೋಡಿದ. ಬಡಿದು ಒಟ್ಟಿದ್ದ ರೊಟ್ಟಿಗಳನ್ನು ನೋಡಿದ. ಬಾಗಿಲ ಹೊರಗೆ ಧೂಳು ಹಿಡಿದು ಬಿದ್ದಿದ್ದ ನನ್ನ ನಡಿಗೆಯ ಚಪ್ಪಲಿಗಳನ್ನೂ ನೋಡಿದ. ಜೀವನವಿಡೀ ಎಣಿಸಿ ಉಂಡವನಿಗೆ ಈ ಲೆಕ್ಕ ಬಿಡಿಸುವುದು ಕಷ್ಟವೇ? ನಾನು ತಲೆ ಎತ್ತಲಿಲ್ಲ. ಬೈಯಲಿ ಎಂದು ಕಾದೆ. ಅವನು ಕೊನೆಯ ತುತ್ತು ನಿಧಾನಕ್ಕೆ ಅಗಿದು ನುಂಗಿ, "ರೊಟ್ಟಿ ಛಲೋ ಆಗೇತಿ ಅಕ್ಕಾ" ಎಂದ. ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ.

ಅವತ್ತು ಸಂಜೆ ಏಳಕ್ಕೆ ಫೋನು ಬಂತು. "ಹದಿನಾರ ಸಾವಿರಾ! ಶಾಭಾಸ ಅಕ್ಕಾ" ಎಂದ. ದನಿಯಲ್ಲಿ ಕೊಂಕು ಇತ್ತೇ ಎಂದು ಹುಡುಕಿದೆ. ಇರಲಿಲ್ಲ. ಮರುದಿನವೂ ಶಾಭಾಸ ಎಂದ, ಅದರ ಮರುದಿನವೂ. ನಾನು ಎರಡು ದಿನ ಎದ್ದು ನಡೆದೆ, ಮೂರನೆಯ ದಿನ ನಡೆಯಲಿಲ್ಲ. ಇಂಥವಳು ನಾನು.

ನಾಲ್ಕು ತಿಂಗಳು ತುಂಬಿದ ಮೇಲೆ ಬೆಳಗಾವಿಗೆ ಹೋದೆವು. ತಕ್ಕಡಿ ಎಂಬತ್ಮೂರು ತೋರಿಸಿತು. ಸಕ್ಕರೆ ಇದ್ದಲ್ಲೇ ಇತ್ತು. ಡಾಕ್ಟರು ಕನ್ನಡಕ ತೆಗೆದು, "ನಡದೀರೇನ್ರಿ ಅಮ್ಮಾರ, ಖರೇನ?" ಎಂದು ಕೇಳಿದರು. ಕುರ್ಚಿಯಲ್ಲಿ ಕುಗ್ಗಿ ಕೂತಿದ್ದ ತಮ್ಮ ನನಗಿಂತ ಮೊದಲು ಬಾಯಿ ಬಿಟ್ಟ. "ಭಾಳ ನಡದಾಳ್ರಿ ಸರ. ನಾ ದಿನಾ ನೋಡೇನಿ. ಏನ ಮಾಡೂದ್ರಿ, ಅಕಿ ಮೈನ ಹಂಗ ಐತಿ." ಫೋನು ತೆಗೆದು ತೋರಿಸಿಯೂ ಬಿಟ್ಟ. ಡಾಕ್ಟರು ಆ ಅಂಕಿಗಳನ್ನು ನೋಡಿ ತಲೆಯಾಡಿಸಿ, ಇನ್ನೂ ಮೂರು ತಿಂಗಳು ನೋಡೋಣ ಎಂದರು. ವಾಪಸು ಬರುವಾಗ ತಮ್ಮ ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, "ನೀ ಹೆದರಬ್ಯಾಡ ಅಕ್ಕಾ" ಎಂದ. ಯಾವುದಕ್ಕೆ ಹೆದರಬೇಡ ಎಂದನೋ ನಾನು ಕೇಳಲಿಲ್ಲ. ಗೊತ್ತಿತ್ತು.

ಮೂರು ತಿಂಗಳು ಅವನಿಗೆ ಸಿಗಲಿಲ್ಲ. ಆರು ವಾರ ಕಳೆದಿರಬೇಕು, ಒಂದು ಬೆಳಿಗ್ಗೆ ಡಯಾಲಿಸಿಸ್‌ಗೆ ಹೊರಡಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ಉಸಿರು ಸಿಗದೆ ಹಾಸಿಗೆಯ ಮೇಲೆ ಕೂತ. ಹಾಗೇ ಹೋದ. ನಾನು ಮುಟ್ಟುವ ಹೊತ್ತಿಗೆ ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ್ದರು.

ಮಣ್ಣು ಮಾಡಿ ಬಂದ ಮೇಲೆ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದೆವು. ಅವನ ಹೆಂಡತಿ ಅಳುತ್ತಳುತ್ತಲೇ ಬಂದವರಿಗೆಲ್ಲ ನನ್ನ ಕಥೆ ಹೇಳುತ್ತಿದ್ದಳು. "ನಮ್ಮ ವೈನಿ ಇವರ ಸಲುವಾಗಿ ದಿನಾ ಹತ್ತ ಸಾವಿರ ಹೆಜ್ಜಿ ನಡದಾರ್ರಿ. ಮಳಿ ಅನ್ನಲಿಲ್ಲ, ಬಿಸಲ ಅನ್ನಲಿಲ್ಲ. ನಮ್ಮ ದೈವದಾಗ ಇರಲಿಲ್ಲ." ಅಂದರೆ ಅವನು ಅವಳಿಗೂ ಹೇಳಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿ ಲೊಚಗುಟ್ಟಿದರು. ಇಂಥ ಅಕ್ಕ ಯಾರಿಗೆ ಸಿಗುತ್ತಾಳೆ ಎಂದು ಯಾರೋ ಹೇಳಿದರು.

ಅವಳ ತಾಯಿ, ಬೆಲ್ಲದ ಬಾಗೇವಾಡಿಯಿಂದ ಬಂದಿದ್ದ ಎಪ್ಪತ್ತು ದಾಟಿದ ಮುದುಕಿ, ಕೂತಲ್ಲಿಂದಲೇ ಸರಿದು ಸರಿದು ನನ್ನ ಹತ್ತಿರ ಬಂದಳು. ನನ್ನ ಎರಡೂ ಕಾಲುಗಳನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, "ಎಷ್ಟ ಸವದಾವೋ ಯವ್ವಾ ಇವು" ಎನ್ನುತ್ತ ಅಂಗಾಲು ಒತ್ತತೊಡಗಿದಳು. ಇಡೀ ಪಡಸಾಲೆ ನೋಡುತ್ತಿತ್ತು. ನಾನು ಕಾಲು ಎಳೆದುಕೊಳ್ಳಲಿಲ್ಲ.